ಬಿಡುಗಡೆಯ ದಿನ ಎಲ್ಲಿಗೆ ಹೋಗುವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಓಣಿಯ ಹುಡುಗನಿಗೆ ಜಾಮೀನು ಸಿಕ್ಕು 20 ದಿನವಾಯಿತು, ಇನ್ನೂ ಒಳಗೇ ಇದ್ದಾನೆ. 50,000 ರೂಪಾಯಿ ಬಾಂಡ್, ಸ್ಥಳೀಯರೇ ಇಬ್ಬರು ಜಾಮೀನುದಾರರು ಬೇಕಂತೆ. ತಾಯಿ ಮನೆಗೆಲಸ ಮಾಡುವವರು, ಬಾಡಿಗೆ ಎರಡು ತಿಂಗಳು ಬಾಕಿ. ನಮ್ಮ ಸಂಘ ಏನು ಮಾಡಬಹುದು? (ದಾವಣಗೆರೆ)

ಉತ್ತರ: ಮೊದಲು, ಮಾಡಬಾರದ್ದು. ಕೋರ್ಟಿನ ಸುತ್ತಮುತ್ತ ದುಡ್ಡಿಗೆ ಜಾಮೀನು ನಿಲ್ಲುವವರ ಹತ್ತಿರ ಹೋಗಲೇಬೇಡಿ. ಅವರು ಕೊಟ್ಟ ಪಹಣಿ, ಆಧಾರ್ ನಕಲಿ ಎಂದು ಪತ್ತೆಯಾದರೆ ಜಾಮೀನಿಗೇ ಕುತ್ತು, ಮೇಲೆ ಹೊಸ ಕೇಸು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಇವತ್ತೇ ಬರೆಯಿರಿ, ಅಥವಾ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಜಾಮೀನು ಸಿಕ್ಕು 7 ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಹೇಳಿದೆ. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತಿನಿಂದಲೇ ಬಿಡುಗಡೆ ತಡವಾಗುತ್ತದೆ ಎಂದೂ ಅದೇ ಆದೇಶದಲ್ಲಿದೆ. ಆ ತಿಂಗಳು ಮುಗಿಯಲಿ ಎಂದು ಕಾಯಬೇಡಿ. ಷರತ್ತು ಬದಲಿಸಲು ಅರ್ಜಿ ಹಾಕಿಸಿ, ತಾಯಿಯ ಪಡಿತರ ಚೀಟಿಯ ಪ್ರತಿಯನ್ನೂ ಬಾಡಿಗೆ ಬಾಕಿಯ ವಿವರವನ್ನೂ ಜೊತೆಗಿಡಿ.

ಬಡ ಕೈದಿಗಳಿಗೆ ಕೇಂದ್ರದ ನೆರವಿನ ಯೋಜನೆಯೂ ಇದೆ. 2023ರ ಮಾರ್ಗಸೂಚಿಯಂತೆ ವಿಚಾರಣಾಧೀನ ಕೈದಿಯ ಜಾಮೀನಿಗೆ 40,000 ರೂಪಾಯಿವರೆಗೆ, ಸಜಾ ಕೈದಿಯ ದಂಡಕ್ಕೆ 25,000ದವರೆಗೆ ಜಿಲ್ಲಾ ಸಮಿತಿ ಮಂಜೂರು ಮಾಡಬಹುದಿತ್ತು; ಈಗಿನ ಮಿತಿಯನ್ನು ಪ್ರಾಧಿಕಾರದಲ್ಲೇ ಕೇಳಿ. ಮಾದಕ ವಸ್ತು, ಭ್ರಷ್ಟಾಚಾರ, ಅಕ್ರಮ ಹಣ ವರ್ಗಾವಣೆ, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಪ್ರಕರಣಗಳಿಗೆ ಇದು ಅನ್ವಯಿಸದು. ಎಡವುವುದು ಇಲ್ಲಿ: ಜಾಮೀನು ಆದೇಶ ಕೇಳಿರುವುದು ಇಬ್ಬರು ಮನುಷ್ಯರನ್ನು, ಯೋಜನೆ ಕೊಡುವುದು ಹಣವನ್ನು. ಹಾಗಾಗಿ ಮೊದಲು ಜಾಮೀನುದಾರರ ಬದಲು ನಗದು ಠೇವಣಿಗೆ ಅನುಮತಿ ಪಡೆಯಬೇಕು (ನಾಗರಿಕ ಸುರಕ್ಷಾ ಸಂಹಿತೆ, ಕಲಂ 490), ಬಾಂಡ್ ಮೊತ್ತವನ್ನೂ ಇಳಿಸಿಕೊಳ್ಳಬೇಕು. ಇದಾಗದೆ ಕಡತ ಸಮಿತಿಗೆ ಹೋದರೆ ಸುಮ್ಮನೆ ಬಿದ್ದಿರುತ್ತದೆ.

ಸಂಘದಲ್ಲಿ ದುಡ್ಡು ಸ್ವಲ್ಪವೇ ಇದ್ದರೆ ಅದನ್ನು ಬಾಡಿಗೆ ಬಾಕಿಗೆ ಕೊಡಿ. ಬಾಂಡಿಗೆ ಬೇರೆ ದಾರಿಗಳಿವೆ. ಮನೆ ಒಮ್ಮೆ ಕೈತಪ್ಪಿದರೆ ಹೊಸ ಅಡ್ವಾನ್ಸ್ ಹೊಂದಿಸುವುದು ಆ ತಾಯಿಯ ಕೈಲಾಗದ ಮಾತು.

ಪ್ರಶ್ನೆ: ಹತ್ತು ವರ್ಷ ಶಿಕ್ಷೆ ಮುಗಿಸಿ ಮೂರು ತಿಂಗಳಲ್ಲಿ ಹೊರಬರುವವರೊಬ್ಬರಿದ್ದಾರೆ. ಅಣ್ಣತಮ್ಮಂದಿರು ಸೇರಿಸುವುದಿಲ್ಲ ಎಂದಿದ್ದಾರೆ. ಬಿಡುಗಡೆಯ ದಿನ ನಾವು ನಾಲ್ಕೈದು ಜನ ಗೇಟಿನ ಬಳಿ ಹೋದರೆ ಸಾಕೇ? (ಮೈಸೂರು)

ಉತ್ತರ: ಹೋಗಲೇಬೇಕು. ಆದರೆ ಕೆಲಸ ಶುರುವಾಗಬೇಕಾದ್ದು ಈಗ. ಬಿಡುಗಡೆ ಸಂಜೆಯಾದರೆ ಕಚೇರಿ, ಬ್ಯಾಂಕು ಯಾವುದೂ ತೆರೆದಿರುವುದಿಲ್ಲ. ಆ ರಾತ್ರಿ ಬಸ್ ನಿಲ್ದಾಣದಲ್ಲಿ ಕಳೆದವರು ಹಳೆಯ ಸಹವಾಸದ ಕೈಗೆ ಸಿಗುವುದು ಬಲು ಸುಲಭ.

ಒಳಗಿರುವಾಗಲೇ ವಿಚಾರಿಸಬೇಕಾದ್ದು ಆಧಾರ್. ಇಲ್ಲದಿದ್ದರೆ ಜೈಲು ಅಧಿಕಾರಿ ಸಹಿ, ಮೊಹರು ಹಾಕಿದ ಕೈದಿ ಪ್ರವೇಶ ದಾಖಲೆಯನ್ನು ಆಧಾರ್ ಪ್ರಾಧಿಕಾರ ಒಪ್ಪುತ್ತದೆ. ಇದ್ದವರ ಕಷ್ಟ ಬೇರೆ: 90 ದಿನ ಬಳಸದ ಸಿಮ್ ರದ್ದಾಗಬಹುದು, ಆ ನಂಬರ್ ಈಗ ಬೇರೆ ಯಾರದ್ದೋ ಆಗಿರುತ್ತದೆ. ಒಟಿಪಿ ಅವರಿಗೆ ಹೋಗುತ್ತದೆ. ಆದ್ದರಿಂದ ಹೊರಬಂದ ಮೇಲೆ ಈ ಕ್ರಮ ತಪ್ಪಿಸಬೇಡಿ: ಮೊದಲು ಬೆರಳಚ್ಚು ಕೊಟ್ಟು ಹೊಸ ಸಿಮ್, ಆಮೇಲೆ ಆಧಾರ್ ಕೇಂದ್ರದಲ್ಲಿ ನಂಬರ್ ಬದಲಾವಣೆ (ಇದಕ್ಕೆ ಬೇರೆ ದಾಖಲೆ ಬೇಡ), ಕೊನೆಗೆ ಬ್ಯಾಂಕು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. ಕೆವೈಸಿ ಕೊಟ್ಟು ಚಾಲೂ ಮಾಡಿಸಲು ಶುಲ್ಕವಿಲ್ಲ. ಜೈಲಿನ ದುಡಿಮೆಯ ಕೂಲಿ ಎಷ್ಟು ಜಮೆಯಾಗಿದೆ, ಹೇಗೆ ಕೈಗೆ ಬರುತ್ತದೆ ಎಂಬುದನ್ನು ಅವರಿಂದಲೇ ಮುಂಚೆ ಕೇಳಿಸಿ.

ಔಷಧಿ ಮರೆಯುವವರೇ ಹೆಚ್ಚು. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆಯ ಮಾತ್ರೆ ನಡೆಯುತ್ತಿದ್ದರೆ ಜೈಲು ಆಸ್ಪತ್ರೆಯ ಚೀಟಿ, ಕ್ಷಯವಾದರೆ ನಿಕ್ಷಯ್ ಐಡಿ (ಸರ್ಕಾರದ ಕ್ಷಯರೋಗಿ ನೋಂದಣಿ ಸಂಖ್ಯೆ), ಕೆಲವು ದಿನದ ಮಾತ್ರೆ ಜೊತೆಯಲ್ಲೇ ಬರಬೇಕು. ಕ್ಷಯದ ಮಾತ್ರೆ ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯಕ್ಕೆ ದಾರಿಯಾಗುತ್ತದೆ.

ಮಲಗುವ ಜಾಗ: ನಗರಪಾಲಿಕೆಯ ನಿರ್ವಸತಿಕರ ರಾತ್ರಿ ತಂಗುದಾಣ ಉಚಿತ. ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ತಂಗುದಾಣ, ಒಬ್ಬರಿಗೆ 50 ಚದರ ಅಡಿ ಎಂಬುದು ರಾಷ್ಟ್ರೀಯ ಮಾರ್ಗಸೂಚಿಯ ಅಳತೆ. ವಾಸ್ತವ ಹಾಗಿರುವುದಿಲ್ಲ. ಒಂದು ವಾರ ಮೊದಲು ಖುದ್ದು ಹೋಗಿ ಹಾಸಿಗೆ ಖಾಲಿ ಇದೆಯೇ, ರಾತ್ರಿ ಎಷ್ಟು ಹೊತ್ತಿನವರೆಗೆ ಒಳಗೆ ಬಿಡುತ್ತಾರೆ, ಬೀಗ ಹಾಕುವ ಪೆಟ್ಟಿಗೆ ಇದೆಯೇ ನೋಡಿ ಬನ್ನಿ. ಕಾಗದಪತ್ರ ಕಳುವಾದರೆ ಮೂರು ತಿಂಗಳ ಓಡಾಟ ನೀರುಪಾಲು. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5, ಊಟ 10 ರೂಪಾಯಿ. ದಿನಕ್ಕೆ 25ರಂತೆ ತಿಂಗಳಿಗೆ 750 ರೂಪಾಯಿಯನ್ನು ಊಟಕ್ಕೆಂದೇ ತೆಗೆದಿಡಿ.

ನಂತರದ ಬಾಡಿಗೆ ಕೋಣೆಗೆ ಅಡ್ವಾನ್ಸನ್ನು ಸಂಘವೇ ನೇರ ಮಾಲೀಕರ ಖಾತೆಗೆ ಹಾಕಲಿ. 11 ತಿಂಗಳ ಕರಾರಿನಲ್ಲಿ ‘ಅಡ್ವಾನ್ಸ್ ಸಂಘಕ್ಕೆ ಮರಳಬೇಕು’ ಎಂದು ಬರೆಸಿ. ಜೈಲಿನ ವಿಷಯ ಮಾಲೀಕರಿಗೆ ಮೊದಲೇ ಹೇಳುವುದೇ ಒಳ್ಳೆಯದು, ಅದೂ ಆ ವ್ಯಕ್ತಿಯ ಒಪ್ಪಿಗೆ ಪಡೆದು. ಎರಡು ತಿಂಗಳಾದ ಮೇಲೆ ಬೇರೆಯವರ ಬಾಯಿಂದ ತಿಳಿದರೆ ಸಾಮಾನು ಬೀದಿಗೆ ಬರುತ್ತದೆ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಬೇರೆ ವ್ಯವಸ್ಥೆ ಇದೆಯೇ? ಮಗು ಬಾಲಮಂದಿರದಲ್ಲಿದೆ. (ಶಿವಮೊಗ್ಗ)

ಉತ್ತರ: ಇದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ಸಂಕಷ್ಟದಲ್ಲಿರುವ ಮಹಿಳೆಯರ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ತಂಗಬಹುದು, ಅಲ್ಲಿಂದ ಶಕ್ತಿ ಸದನಕ್ಕೆ (ಆಸರೆಯಿಲ್ಲದ ಮಹಿಳೆಯರ ವಸತಿಗೃಹ) ಸೇರಿಸಲು ಕೇಳಿ. ಹಿಂದೆ ಸ್ವಾಧಾರ ಗೃಹ ಎನ್ನುತ್ತಿದ್ದರು. ಮನೆಯವರ ಆಸರೆಯಿಲ್ಲದೆ ಜೈಲಿನಿಂದ ಬಂದ ಮಹಿಳೆಯರೂ ಅದರ ಫಲಾನುಭವಿಗಳು. ಜೈಲಿನಲ್ಲಿ ತಾಯಿಯ ಜೊತೆ ಮಗು ಇರಬಹುದಾದ್ದು ಆರು ವರ್ಷದವರೆಗೆ. ನಂತರ ಬಾಲಮಂದಿರ ಸೇರಿದ ಮಗುವನ್ನು ಮರಳಿ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಸಮಿತಿ ಮನೆಯ ಪರಿಸ್ಥಿತಿಯ ವರದಿ ತರಿಸುತ್ತದೆ, ವಿಳಾಸವಿಲ್ಲದೆ ವರದಿಯಿಲ್ಲ. ಹಾಗಾಗಿ ಮೊದಲು ಕೋಣೆ, ಆಮೇಲೆ ಅರ್ಜಿ. ಸರ್ಕಾರಿ ಬಸ್ಸಿನ ಉಚಿತ ಪ್ರಯಾಣಕ್ಕೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಮೊದಲ ದಿನ ಕೈಯಲ್ಲಿ ಬಸ್ ಚಾರ್ಜಿಗೆ ಕಾಸಿರಲಿ.

ಪ್ರಶ್ನೆ: ಕೆಲಸ ಕೊಡುವವರು ಕೇಳಿದರೆ ಜೈಲಿನ ವಿಷಯ ಮುಚ್ಚಿಡಬಹುದೇ? (ಹುಬ್ಬಳ್ಳಿ)

ಉತ್ತರ: ಬೇಡ. ಅರ್ಜಿಯಲ್ಲಿ ಕೇಳಿದ್ದರೆ ನಿಜ ಬರೆಯಿರಿ. ಎಷ್ಟೋ ಸಲ ಕೆಲಸ ಹೋಗುವುದು ಹಳೆಯ ಕೇಸಿಗಿಂತ ಮುಚ್ಚಿಟ್ಟಿದ್ದಕ್ಕೆ. ಖುಲಾಸೆಯಾದವರು ತೀರ್ಪಿನ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಲಿ. ಜೈಲಿಗೆ ಕಳಿಸದೆ ಪರಿವೀಕ್ಷಣೆಯ (ಪ್ರೊಬೇಷನ್) ಮೇಲೆ ಬಿಟ್ಟವರಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಂ ಇದೆ: ಅಪರಾಧ ಸಾಬೀತಾದ್ದರಿಂದ ಕಾನೂನಿನಡಿ ಬರುವ ಅನರ್ಹತೆ ಅವರಿಗೆ ತಟ್ಟುವುದಿಲ್ಲ. ಆದೇಶದ ಪ್ರತಿಯನ್ನು ಅರ್ಜಿಯ ಜೊತೆಯಲ್ಲೇ ಕೊಡಲಿ.