0417 ವಾಪಸ್ ಬರುವಾಗ 417 ಯಾಕಾಗುತ್ತದೆ?

ಪ್ರಶ್ನೆ: ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದಕ್ಕೆ ಲೆಕ್ಕದ ಸಾಫ್ಟ್‌ವೇರ್ ಬರೆದಿದ್ದೇನೆ. ರೈತರ ಖಾತೆಗಳನ್ನು ಎಕ್ಸ್‌ಎಂಎಲ್ ಫೈಲ್ ಮಾಡಿ ಕಳಿಸಿದರೆ ಶಿವಮೊಗ್ಗದ ಕಚೇರಿಯಲ್ಲಿ ಪೈಥಾನ್ ಪ್ರೋಗ್ರಾಂ ಓದಿಕೊಳ್ಳುತ್ತದೆ. 0417 ನಂಬರಿನ ಖಾತೆ ಅಲ್ಲಿ 417 ಆಗಿರುತ್ತದೆ. ಒಂದೇ ಲಾಟ್ ಇರುವ ರೈತರ ಫೈಲ್ ಬಂದರೆ ಪ್ರೋಗ್ರಾಂ ನಿಂತೇ ಹೋಗುತ್ತದೆ. ವಿಳಾಸದ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಳಿಸಿದ್ದು ಹಾಗೇ ವಾಪಸ್ ಸಿಗುವಂತೆ ಮಾಡುವುದು ಹೇಗೆ?

ಉತ್ತರ: ಎಕ್ಸ್‌ಎಂಎಲ್‌ಗೆ ಗೊತ್ತಿರುವುದು ಅಕ್ಷರ ಮಾತ್ರ. ಫೈಲ್ ತೆರೆದು ನೋಡಿ, 0417 ಹಾಗೇ ಇರುತ್ತದೆ. ಓದುವ ಕೋಡ್ ‘ಇದು ಸಂಖ್ಯೆ ಇರಬೇಕು’ ಅಂತ ಊಹಿಸಿದಾಗ ಸೊನ್ನೆ ಹಾರಿಹೋಗುತ್ತದೆ. ಊಹೆಗೆ ಬಿಡಬೇಡಿ. ಯಾವುದು ಯಾವ ಟೈಪ್ ಅಂತ ಸ್ಕೀಮಾದಲ್ಲಿ (ಫೈಲ್ ಹೇಗಿರಬೇಕು ಅಂತ ಹೇಳುವ ವಿವರಣೆ) ಬರೆದಿಡಿ. ಖಾತೆ ನಂಬರನ್ನು ಯಾರೂ ಕೂಡಿಸಿ ಕಳೆಯುವುದಿಲ್ಲವಲ್ಲ, ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿಯೇ ಇರಲಿ.

ಲಾಟ್ ತೊಂದರೆಯೂ ಊಹೆಯದೇ. ರಾಶಿ, ಬೆಟ್ಟೆ, ಸರಕು ಅಂತ ಬೇರೆ ಬೇರೆ ದರ್ಜೆಯ ಮೂರು ಲಾಟ್ ಇದ್ದರೆ ‘ಎಕ್ಸ್‌ಎಂಎಲ್‌ಟುಡಿಕ್ಟ್’ನಂಥ ಲೈಬ್ರರಿ ಲಿಸ್ಟ್ ಕೊಡುತ್ತದೆ. ಒಂದೇ ಇದ್ದರೆ ಲಿಸ್ಟ್ ಅಲ್ಲ, ಬರೀ ಆ ಒಂದನ್ನು ಕೊಡುತ್ತದೆ, ಲಿಸ್ಟ್ ಬರುತ್ತದೆ ಅಂತ ಕಾದಿದ್ದ ಕೋಡ್ ನಿಂತುಹೋಗುತ್ತದೆ. ಅದರಲ್ಲೇ ‘ಫೋರ್ಸ್ ಲಿಸ್ಟ್’ ಆಯ್ಕೆ ಇದೆ, ಹಾಕಿ. ತೇವಾಂಶ ಅಳೆದಿಲ್ಲದಿದ್ದರೆ ಸುಮ್ನೆ ಖಾಲಿ ಟ್ಯಾಗ್ ಬಿಡಬೇಡಿ, ‘ಎಕ್ಸ್‌ಎಸ್‌ಐ:ನಿಲ್’ ಎಂಬ ‘ಇಲ್ಲಿ ಮೌಲ್ಯವಿಲ್ಲ’ ಅನ್ನುವ ಗುರುತು ಹಾಕಿ. ಇಲ್ಲವಾದರೆ ಯಾರೋ ಅದನ್ನು 0 ಅಂತ ಓದುತ್ತಾರೆ. ಮಳೆಗಾಲದ ಮಲೆನಾಡಲ್ಲಿ 0 ತೇವಾಂಶದ ಅಡಿಕೆ!

ಇನ್ನು ವಿಳಾಸ. ಬಹುಶಃ ಅದನ್ನು ಟ್ಯಾಗ್‌ನ ಒಳಗೇ ಬರೆಯುವ ಅಟ್ರಿಬ್ಯೂಟ್‌ನಲ್ಲಿ ಇಟ್ಟಿದ್ದೀರಿ. ಅಲ್ಲಿರುವ ಹೊಸ ಸಾಲನ್ನು ಪಾರ್ಸರ್ (ಫೈಲ್ ಓದುವ ಕೋಡ್) ಸ್ಪೇಸ್ ಮಾಡಿಬಿಡುತ್ತದೆ. ಇದು ದೋಷವಲ್ಲ, 1998ರಲ್ಲಿ ಬಂದ ಎಕ್ಸ್‌ಎಂಎಲ್ 1.0ರ ನಿಯಮವೇ ಹಾಗೆ. ವಿಳಾಸವನ್ನು ಎಲಿಮೆಂಟ್ ಒಳಗೆ, ಅಂದರೆ ತೆರೆಯುವ ಮತ್ತು ಮುಚ್ಚುವ ಟ್ಯಾಗ್‌ಗಳ ನಡುವೆ ಹಾಕಿ. ಅಲ್ಲೂ ವಿಂಡೋಸ್‌ನ ಎರಡು ಅಕ್ಷರಗಳ ಸಾಲುಮುರಿತ ಒಂದಕ್ಷರಕ್ಕೆ ಇಳಿಯುತ್ತದೆ. ಅದೂ ಹಾಗೇ ಉಳಿಯಬೇಕಿದ್ದರೆ ಮೊದಲ ಅಕ್ಷರದ ಜಾಗದಲ್ಲಿ  ಅಂತ ಬರೆಯಿರಿ. ತೂಕದ ಯಂತ್ರದಿಂದ ಕಂಟ್ರೋಲ್ ಅಕ್ಷರಗಳು ನುಸುಳಿದ್ದರೆ ಈ ಉಪಾಯವೂ ನಡೆಯುವುದಿಲ್ಲ. ಟ್ಯಾಬ್ ಮತ್ತು ಸಾಲುಮುರಿತ ಬಿಟ್ಟು 32ಕ್ಕಿಂತ ಕೆಳಗಿನ ಕೋಡ್‌ಗಳಿಗೆ 1.0ರಲ್ಲಿ ಜಾಗವೇ ಇಲ್ಲ. ಅಂಥ ಡೇಟಾವನ್ನು ಬೇಸ್64 (ಯಾವುದೇ ಡೇಟಾವನ್ನು ಸಾಮಾನ್ಯ ಅಕ್ಷರಗಳಲ್ಲಿ ಬರೆಯುವ ವಿಧಾನ) ಮಾಡಿ ಕಳಿಸಬೇಕು.

ದುಡ್ಡಿನ ಲೆಕ್ಕಕ್ಕೆ ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಬೇಡ, ಬರೆದದ್ದನ್ನು ಹಾಗೇ ಇಡುವ ಡೆಸಿಮಲ್ ಸಾಕು. ತೂಕಕ್ಕೆ ಫ್ಲೋಟ್ ಬೇಕೇ ಬೇಕೆಂದರೆ 17 ಅಂಕಿಗಳವರೆಗೆ ಬರೆಯಿರಿ.

ಪರೀಕ್ಷಿಸುವಾಗ ಡೇಟಾ ಬರೆದು, ಓದಿ, ಮೂಲದ ಜೊತೆ ಹೋಲಿಸಿ. ಲಾಟೇ ಇಲ್ಲದ ರೈತರೂ ಅದರಲ್ಲಿರಲಿ. ಫೈಲ್‌ಗೆ ಫೈಲ್ ಹೋಲಿಸಲು ಹೋಗಬೇಡಿ. ಅಟ್ರಿಬ್ಯೂಟ್‌ಗಳ ಕ್ರಮ ಬದಲಾದರೂ ಡೇಟಾ ಅದೇ ಅಲ್ವಾ? ಫೈಲನ್ನೇ ಹೋಲಿಸಬೇಕು ಅಂತ ಕಚೇರಿಯವರು ಹಟ ಹಿಡಿದರೆ, ಎರಡನ್ನೂ ಮೊದಲು ಇಂಥ ಕ್ರಮಗಳನ್ನು ಒಂದೇ ರೀತಿ ಮಾಡುವ ಕೆನಾನಿಕಲ್ ಎಕ್ಸ್‌ಎಂಎಲ್‌ಗೆ ಬದಲಿಸಿಕೊಳ್ಳಿ.