ಬೀಟಾ ಆವೃತ್ತಿಯಲ್ಲಿ ಉದ್ರಿ ಲೆಕ್ಕ

ಪ್ರಶ್ನೆ: ಅಕ್ಕಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಲೆಕ್ಕದ ಆ್ಯಪ್ ಒಂದರ ಬೀಟಾ ಆವೃತ್ತಿಯನ್ನು ಪರೀಕ್ಷಿಸಲು ಸ್ವಇಚ್ಛೆಯಿಂದ ಸೇರಿ ನಾಲ್ಕು ತಿಂಗಳಾಯಿತು. ಕಳೆದ ವಾರ ಅಪ್‌ಡೇಟ್ ಆದ ಮೇಲೆ ಎರಡು ದಿನಗಳ ಉದ್ರಿ ಲೆಕ್ಕ ಅಳಿಸಿಹೋಯಿತು. ಊರಿನ ಹೆಸರು ಹಾಕಿ ಹುಡುಕಿದರೆ ಕುಕನೂರಿನ ಗಿರಾಕಿಗಳು ಸಿಗುತ್ತಾರೆ, ಯಲಬುರ್ಗಾದವರು ಸಿಗುವುದಿಲ್ಲ. 'ಹೆಸರು ಸಿಗುವುದಿಲ್ಲ' ಎಂದು ಮೂರು ಸಲ ಬರೆದರೂ ಉತ್ತರವಿಲ್ಲ. ಸಂಬಳವಿಲ್ಲದ ಈ ಕೆಲಸವನ್ನು ಮುಂದುವರಿಸಲೇ, ಬಿಡಲೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಮುಂದುವರಿಸಿ, ಆದರೆ ಅಂಗಡಿಯ ನಿಜವಾದ ಲೆಕ್ಕವನ್ನು ಅದರಲ್ಲಿ ಇಡಬೇಡಿ. ಬೀಟಾ ಎಂದರೆ ಇನ್ನೂ ತಪ್ಪುಗಳನ್ನು ಹುಡುಕುತ್ತಿರುವ ಹಂತವಾದ್ದರಿಂದ ಲೆಕ್ಕ ಅಳಿಸಿಹೋಗುವ ಅಪಾಯ ಅಲ್ಲಿ ಇದ್ದೇ ಇರುತ್ತದೆ. ಉಳಿದಿರುವುದನ್ನು ಇಂದೇ ಖಾತೆ ಪುಸ್ತಕಕ್ಕೆ ಇಳಿಸಿಕೊಳ್ಳಿ. ಅಂಗಡಿಯ ಲೆಕ್ಕವಿರುವ ಫೋನಿನಲ್ಲಿ ಮಾತ್ರ, ಪ್ಲೇ ಸ್ಟೋರಿನ ಆ ಆ್ಯಪಿನ ಪುಟದಿಂದಲೇ ಬೀಟಾ ಬಿಟ್ಟು, ಆ್ಯಪನ್ನು ತೆಗೆದುಹಾಕಿ, ಸಾಮಾನ್ಯ ಆವೃತ್ತಿಯನ್ನು ಹಾಕಿಕೊಳ್ಳಬಹುದು. ತೆಗೆದುಹಾಕುವಾಗ ಫೋನಿನೊಳಗಿನ ಲೆಕ್ಕವೂ ಹೋಗಬಹುದಾದ್ದರಿಂದ ಪುಸ್ತಕದ ಮಾತನ್ನು ಮೊದಲು ಹೇಳಿದೆ. ಪರೀಕ್ಷೆಗೆ ಬೇರೆ ಗೂಗಲ್ ಖಾತೆಯಿರುವ ಹಳೆಯ ಫೋನೊಂದನ್ನೂ ಕಲ್ಪಿತ ಹೆಸರುಗಳನ್ನೂ ಬಳಸಿ. ಗಿರಾಕಿಗಳ ಬಾಕಿಯನ್ನು ಪರೀಕ್ಷೆಗೆ ಒಡ್ಡುವ ಹಕ್ಕು ನಮಗಿಲ್ಲ.

ಯಲಬುರ್ಗಾ ಸಿಗದಿರುವುದಕ್ಕೆ ಅರ್ಕಾವತ್ತು ಕಾರಣವಿರಬಹುದು. ಅಕ್ಷರಗಳನ್ನು ಸಂಕೇತಗಳಾಗಿ ಫೋನಿನಲ್ಲಿ ಉಳಿಸುವ ಯೂನಿಕೋಡ್ ಪದ್ಧತಿಯಲ್ಲಿ ರ, ಹಲಂತ, ಗ ಎಂಬ ಕ್ರಮದಲ್ಲಿ ಬರೆದರೆ 'ರ್ಗ' ಮೂಡುತ್ತದೆ. ರಕಾರದ ನಂತರ ಕೀಲಿಮಣೆಯಿಂದ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದು ಸೇರಿದರೆ ರ ಪೂರ್ಣವಾಗಿ ನಿಂತು ಗ ಒತ್ತಾಗಿ ಕೆಳಗಿಳಿದು 'ರ‍್ಗ' ಆಗುತ್ತದೆ. ಓದುವ ನಮಗೆ ಎರಡೂ ಒಂದೇ ಊರು; ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಆ್ಯಪಿಗೆ ಎರಡು ಬೇರೆ ಪದಗಳು. ಕುಕನೂರಿನಲ್ಲಿ ಅರ್ಕಾವತ್ತೇ ಇಲ್ಲ. ಇಂಗ್ಲಿಷ್ ಹೆಸರುಗಳನ್ನೇ ಹಾಕಿ ನೋಡುವವರ ಕಣ್ಣಿಗೆ ಇಂಥ ದೋಷ ಬೀಳದು. ದಿನವಿಡೀ ಕನ್ನಡದಲ್ಲಿ ಲೆಕ್ಕ ಬರೆಯುವ ನಿಮ್ಮಂಥವರೇ ಅದನ್ನು ಹಿಡಿಯಬೇಕು. ನೀವು ಈ ಕೆಲಸ ಬಿಡಬಾರದೆಂದು ನಾನು ಬಯಸುವುದು ಅದಕ್ಕಾಗಿಯೇ.

ಆದರೆ 'ಹೆಸರು ಸಿಗುವುದಿಲ್ಲ' ಎಂಬಷ್ಟರಿಂದ ತಯಾರಕರಿಗೆ ದಾರಿ ಕಾಣದು. ಫೋನಿನ ಮಾದರಿ, ಆಂಡ್ರಾಯ್ಡ್ ಮತ್ತು ಆ್ಯಪಿನ ಆವೃತ್ತಿ ಸಂಖ್ಯೆ, ಬಳಸಿದ ಕೀಲಿಮಣೆ ಇವನ್ನು ತಿಳಿಸಿ, 'ಒಂದು ಕೀಲಿಮಣೆಯಲ್ಲಿ ಯಲಬುರ್ಗಾ ಎಂದು ಬರೆದು ಉಳಿಸಿದೆ, ಇನ್ನೊಂದರಲ್ಲಿ ಅದನ್ನೇ ಹುಡುಕಿದೆ, ಐದು ಸಲವೂ ಪಟ್ಟಿ ಖಾಲಿ ಬಂತು' ಎಂದು ಬರೆದರೆ ಅವರೂ ಹಾಗೆಯೇ ಮಾಡಿ ನೋಡಬಲ್ಲರು. ಅಳಿಸಿಹೋದ ಲೆಕ್ಕದ ದೂರು ಬೇರೆಯದೇ ವರದಿಯಾಗಿರಲಿ.

ಮೂರು ವರದಿಗೂ ಉತ್ತರಿಸದಿದ್ದುದು ಸರಿಯಲ್ಲ. ಪುಕ್ಕಟೆಯಾಗಿ ಸಮಯ ಕೊಟ್ಟವರಿಗೆ 'ತಲುಪಿತು' ಎಂದಾದರೂ ಹೇಳಬೇಕು. ನಾಲ್ಕನೆಯದಕ್ಕೂ ಮೌನವೇ ಆದರೆ ಆ ತಂಡವನ್ನು ಬಿಟ್ಟು, ಕನ್ನಡದಲ್ಲೂ ದೊರೆಯುವ ಬ್ರೌಸರ್ ಫೈರ್‌ಫಾಕ್ಸ್ ಅಥವಾ ಕಚೇರಿ ಕೆಲಸದ ತಂತ್ರಾಂಶ ಲಿಬ್ರೆಆಫೀಸ್‌ನ ಬೀಟಾ ಆವೃತ್ತಿಗಳನ್ನು ಪರೀಕ್ಷಿಸಿ. ಅವುಗಳ ತಂಡಗಳು ದೋಷದ ವರದಿಗಳಿಗಾಗಿ ಬಳಸುವ ಜಾಲತಾಣ ಬಗ್‌ಜಿಲ್ಲಾದಲ್ಲಿ ಪ್ರತಿ ವರದಿಗೂ ಒಂದು ಸಂಖ್ಯೆ ಸಿಗುವುದರಿಂದ, ಅದನ್ನು ಯಾರು ಕೈಗೆತ್ತಿಕೊಂಡರು, ಯಾವ ಆವೃತ್ತಿಯಲ್ಲಿ ಸರಿಯಾಯಿತು ಎಂಬುದನ್ನು ಗಂಗಾವತಿಯಲ್ಲಿ ಕುಳಿತೇ ನೋಡಬಹುದು.