ಪಿಯುಸಿಯಲ್ಲಿ ಬಯಾಲಜಿ ಓದಿ ಕಂಪ್ಯೂಟರ್ ಸೈನ್ಸ್ ಸೇರಿದ್ದೇನೆ, ಕ್ಲಾಸ್ ಶುರುವಾಗುವ ಮುಂಚೆ ಏನು ಕಲಿಯಲಿ?

ಮಂಡ್ಯದಲ್ಲಿ ಪಿಸಿಎಂಬಿ ಮುಗಿಸಿ ಮೈಸೂರಿಗೆ ಕಂಪ್ಯೂಟರ್ ಸೈನ್ಸ್ ಓದಲು ಬರುತ್ತಿದ್ದೀರಿ, ಇನ್ನೊಂದು ತಿಂಗಳು ಸಮಯವಿದೆ, ಪೈಥಾನ್ ಹಿಡಿಯಲೋ ಜಾವಾ ಹಿಡಿಯಲೋ, ಲ್ಯಾಪ್‌ಟಾಪ್ ಯಾವುದು ಕೊಳ್ಳಲಿ ಎಂದು ಕೇಳಿದ್ದೀರಿ. ಮೊದಲ ವರ್ಷದ ಸಿಲಬಸ್‌ನಲ್ಲಿ ಯಾವ ಭಾಷೆ ಇದೆಯೋ ಅದನ್ನೇ ಹಿಡಿಯಿರಿ. ಬಹಳ ಕಡೆ ಅದು ಸಿ, ಹಾಗಾಗಿ ಅದರ ಮೇಲೇ ಹೇಳುತ್ತೇನೆ. ಆದರೆ ನನ್ನ ಪ್ರಕಾರ ಭಾಷೆಗಿಂತ ಮುಂಚೆ ಬರಬೇಕಾದ್ದು ಡ್ರೈ ರನ್, ಅಂದರೆ ಪ್ರೋಗ್ರಾಮನ್ನು ಮೆಷಿನ್ ಓಡಿಸುವ ಹಾಗೆಯೇ ಹಾಳೆಯ ಮೇಲೆ ನೀವೇ ಓಡಿಸಿ ನೋಡುವುದು. ಪ್ರೋಗ್ರಾಮ್ ಉರು ಹೊಡೆದು ಲ್ಯಾಬ್ ಪರೀಕ್ಷೆಗೆ ಹೋಗುವವರು ಒಂದು ಸಾಲು ತಪ್ಪಿದರೆ ಅಲ್ಲೇ ಸಿಕ್ಕಿಬೀಳುವುದು ಈ ಅಭ್ಯಾಸ ಇಲ್ಲದ್ದರಿಂದ.

1ರಿಂದ 5ರವರೆಗೆ ಕೂಡಿಸುವ ಲೂಪ್ ತೆಗೆದುಕೊಳ್ಳಿ, ಅಂದರೆ ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಸಾಲುಗಳು. ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಐ (ಸುತ್ತು ಎಣಿಸುವ ಸಂಖ್ಯೆ) ಬೆಲೆ, ಐ <= 5 ಎಂಬ ಷರತ್ತು ನಿಜವೋ ಸುಳ್ಳೋ, ಮೊತ್ತ. ಒಂದೊಂದು ಸುತ್ತಿಗೂ ಒಂದೊಂದು ಸಾಲು. ಮೊತ್ತದ ಕಾಲಂನಲ್ಲಿ 1, 3, 6, 10, 15 ಬರಬೇಕು, ಐ 6 ಆದಾಗ ಷರತ್ತು ಸುಳ್ಳಾಗಿ ಲೂಪ್ ನಿಲ್ಲಬೇಕು. <= ಇರಬೇಕಾದ ಕಡೆ < ಬಿದ್ದರೆ 10ಕ್ಕೇ ನಿಂತುಬಿಡುತ್ತೆ. ತೋಟದ ಬೇಲಿಯ ಲೆಕ್ಕವೂ ಇದೇ ತಾನೆ: 100 ಅಡಿಯ ನೇರ ಬೇಲಿಗೆ 10 ಅಡಿಗೊಂದರಂತೆ ಕಲ್ಲುಕಂಬ ನೆಡಲು 10 ಸಾಲದು, 11 ಬೇಕು. ಮೊತ್ತಕ್ಕೆ ಮೊದಲೇ 0 ಕೊಡದಿದ್ದರೆ ಅದರಲ್ಲಿ ಹಳೆಯ ಕಸ ಏನಿತ್ತೋ ಅದರ ಮೇಲೇ ಕೂಡುತ್ತಾ ಹೋಗುತ್ತೆ. ಅರೇ ಎಂದರೆ ಬೆಲೆಗಳನ್ನು ಸಾಲಾಗಿ ಇಡುವ ಮನೆಗಳು. 10 ಮನೆಯ ಅರೇಯಲ್ಲಿ ಮನೆ ನಂಬರು 0ಯಿಂದ 9ರವರೆಗೆ ಮಾತ್ರ. ನೀವು 10 ಎಂದು ಕೇಳಿದರೂ ಸಿ ತಡೆಯುವುದಿಲ್ಲ, ಪಕ್ಕದ ಮೆಮೊರಿಗೆ ಕೈಹಾಕುತ್ತೆ. ಒಮ್ಮೊಮ್ಮೆ ಸರಿಯಾದ ಉತ್ತರವೇ ಬಂದು ತಪ್ಪು ಮುಚ್ಚಿಹೋಗುತ್ತೆ, ಅದಕ್ಕಿಂತ ಕೆಟ್ಟದ್ದಿಲ್ಲ.

ಆಮೇಲೆ ಸಂಖ್ಯೆಗಳ ಕಾಟ. ಐದು ವಿಷಯದ ಒಟ್ಟು ಅಂಕ 433 ಇದ್ದರೆ ಸರಾಸರಿ 86.6. ಸಿಯಲ್ಲಿ 433 / 5 ಎಂದು ಬರೆದರೆ 86 ಬರುತ್ತೆ. ಎರಡೂ ಇಂಟ್ (ಪೂರ್ಣಾಂಕ) ಆದ್ದರಿಂದ ದಶಾಂಶವನ್ನು ಕತ್ತರಿಸಿ ಎಸೆಯುತ್ತೆ. ಉತ್ತರವನ್ನು ದಶಾಂಶ ಸಂಖ್ಯೆ ಇಡುವ ಫ್ಲೋಟ್‌ನಲ್ಲಿ ಇಟ್ಟರೂ ಉಪಯೋಗವಿಲ್ಲ, ಅಲ್ಲಿಗೆ ತಲುಪುವಷ್ಟರಲ್ಲಿ ಭಾಗಾಕಾರ ಮುಗಿದುಹೋಗಿರುತ್ತೆ. 5.0 ಎಂದು ಬರೆಯಿರಿ. ಇನ್ನೊಂದು ಪ್ರಯೋಗ: ಕನ್ನಂಬಾಡಿ ಕಟ್ಟೆ ತುಂಬಿದಾಗಿನ ಮಟ್ಟ 124.80 ಅಡಿ. ಒಂದು ಫ್ಲೋಟ್ ವೇರಿಯೇಬಲ್‌ನಲ್ಲಿ 124.8 ಇಟ್ಟು, ಅದು == 124.8 (ಅಂದರೆ 124.8ಕ್ಕೆ ಸಮ) ಹೌದೇ ಎಂದು ಷರತ್ತು ನೋಡುವ ಇಫ್‌ನಲ್ಲಿ ಕೇಳಿ. ಕಟ್ಟೆ ತುಂಬಿಲ್ಲ ಎನ್ನುತ್ತೆ! ಪ್ರಿಂಟ್ ಮಾಡಿ ನೋಡಿದರೆ 124.800003. ನಮ್ಮ ದಶಾಂಶದಲ್ಲಿ ಮೂರನೇ ಒಂದು ಮುಗಿಯದ ಹಾಗೆ ಬೈನರಿಯಲ್ಲಿ 0.8 ಮುಗಿಯುವುದಿಲ್ಲ. ಫ್ಲೋಟ್ ಅದನ್ನು 32 ಬಿಟ್‌ಗೆ ಮೊಟಕು ಮಾಡಿರುತ್ತೆ, ಇಫ್‌ನಲ್ಲಿ ನೀವು ಬರೆದ 124.8 ಮಾತ್ರ 64 ಬಿಟ್‌ನ ಡಬಲ್. ಅದಕ್ಕೇ ಎರಡರ ವ್ಯತ್ಯಾಸ 0.001ಕ್ಕಿಂತ ಕಡಿಮೆ ಇದೆಯೇ ಎಂದು ಕೇಳಬೇಕು.

ಕನ್ನಡ ಮೀಡಿಯಂನಿಂದ ಬಂದವರಿಗೆ ಎರರ್ ಮೆಸೇಜ್ ಕಂಡರೆ ಭಯ. ಪದೇ ಪದೇ ಬರುವ ಮಾತುಗಳು ಬೆರಳೆಣಿಕೆಯಷ್ಟು. ಅನ್‌ಡಿಕ್ಲೇರ್ಡ್ ಎಂದರೆ ಆ ಹೆಸರನ್ನು ನೀವು ಮೊದಲೇ ಪರಿಚಯಿಸಿಲ್ಲ, ಇಲ್ಲವೇ ಸ್ಪೆಲಿಂಗ್ ತಪ್ಪು. ಅನ್‌ಡಿಫೈನ್ಡ್ ರೆಫರೆನ್ಸ್ ಎಂದರೆ ನೀವು ಕರೆದ ಫಂಕ್ಷನ್, ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವಾಗ (ಲಿಂಕ್ ಮಾಡುವಾಗ) ಸಿಗಲಿಲ್ಲ. ಇಪ್ಪತ್ತು ಎರರ್ ಬಂದರೂ ಮೊದಲನೆಯದನ್ನಷ್ಟೇ ಸರಿಮಾಡಿ ಮತ್ತೆ ಕಂಪೈಲ್ ಮಾಡಿ (ಮೆಷಿನ್ ಭಾಷೆಗೆ ತಿರುಗಿಸಿ), ಒಂದು ಬ್ರಾಕೆಟ್ ಬಿಟ್ಟುಹೋದದ್ದಕ್ಕೇ ಉಳಿದವೆಲ್ಲ ಹುಟ್ಟಿರಬಹುದು. ಸೆಮಿಕೋಲನ್ ತಪ್ಪಿದಾಗ ಕಂಪೈಲರ್ ಎಷ್ಟೋ ಸಲ ಅದರ ಮುಂದಿನ ಸಾಲನ್ನು ತೋರಿಸುತ್ತೆ, ನೀವು ಮೇಲಿನ ಸಾಲು ನೋಡಿ. ಜಿಸಿಸಿ ಎಂಬ ಸಿ ಕಂಪೈಲರ್‌ಗೆ ವಾಲ್ (-Wall) ಎಂಬ ವಾರ್ನಿಂಗ್ ಆಯ್ಕೆ ಕೊಟ್ಟೇ ಓಡಿಸಿ. ಇಫ್ ಒಳಗೆ == ಬದಲು = ಬರೆದದ್ದು, ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ & ಮರೆತದ್ದು ಎರಡನ್ನೂ ಅದು ಹಿಡಿದುಕೊಡುತ್ತೆ.

ಇದಿಷ್ಟು ಕೈಗೆ ಹತ್ತಿದ ಮೇಲೆ ಬೈನರಿ ಸರ್ಚ್ ಬರೆಯಿರಿ. ನಿಘಂಟಿನಲ್ಲಿ ಪದ ಹುಡುಕುವ ಹಾಗೆ ನಡುವೆ ತೆರೆದು, ಅರ್ಧ ಬಿಟ್ಟು, ಉಳಿದರ್ಧದ ನಡುವೆ ಮತ್ತೆ ತೆರೆಯುವುದು. 10 ಲಕ್ಷ ಹೆಸರಿದ್ದರೂ ಹೆಚ್ಚೆಂದರೆ 20 ಸಲ ನೋಡಿದರೆ ಸಾಕು, ಪಟ್ಟಿ ಅಕಾರಾದಿಯಾಗಿ ಜೋಡಿಸಿರಬೇಕು ಅಷ್ಟೆ. ಮುಂದೆ ನಾಲ್ಕು ವರ್ಷ ಓದುವ ಬಹುಪಾಲು ವಿಷಯಗಳಲ್ಲಿ ಪ್ರತಿ ಸಲ ಅರ್ಧ ಮಾಡುವ ಈ 20ರ ಲೆಕ್ಕ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತೆ. ಗಣಿತ ಬಿಡಬೇಡಿ, ಸೆಟ್ ಮರೆತಿದ್ದರೆ ಪಿಯುಸಿ ಪುಸ್ತಕವನ್ನೇ ಇನ್ನೊಮ್ಮೆ ತೆಗೆಯಿರಿ.

ಲ್ಯಾಪ್‌ಟಾಪ್‌ಗೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಆಯಿತು, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಗೇಮಿಂಗ್ ಗ್ರಾಫಿಕ್ಸ್ ಕಾರ್ಡಿಗೆಂದು ಮನೆಯವರ ಕೈಲಿ ದುಡ್ಡು ಸುರಿಸಬೇಡಿ. ಉಬುಂಟು ಲಿನಕ್ಸ್ ಹಾಕಿಕೊಂಡರೆ ಜಿಸಿಸಿ ಒಂದೇ ಕಮಾಂಡ್‌ಗೆ ಇನ್‌ಸ್ಟಾಲ್ ಆಗುತ್ತೆ. ಅಲ್ಲಿಯವರೆಗೆ ಆಂಡ್ರಾಯ್ಡ್ ಫೋನಿನಲ್ಲೇ ಟರ್ಮಕ್ಸ್ ಎಂಬ ಆ್ಯಪ್ ಹಾಕಿ, ಅದರೊಳಗೆ ಕ್ಲ್ಯಾಂಗ್ ಎಂಬ ಸಿ ಕಂಪೈಲರ್ ಇನ್‌ಸ್ಟಾಲ್ ಮಾಡಿಕೊಂಡರೆ ಮೇಲೆ ಹೇಳಿದ್ದೆಲ್ಲ ಓಡುತ್ತೆ. ಬೆರಳು ನೋಯುತ್ತೆ ಅನ್ನುವುದೊಂದು ಬಿಟ್ಟರೆ ತೊಂದರೆಯಿಲ್ಲ.